ಅಪ್ಪನ ಚಾರ್ಮಾಡಿಗೆ ಯಾವ ತಿಂಗಳು?

ನನ್ನ ಫೋನಿನಲ್ಲಿ ‘ಅಪ್ಪನ ಟ್ರಿಪ್’ ಅಂತ ಒಂದು ಸ್ಪ್ರೆಡ್‌ಶೀಟ್ ಇದೆ. 2022ರಲ್ಲಿ ಶುರು ಮಾಡಿದ್ದು. ತಿಂಗಳಿಗೊಂದರಂತೆ ಹನ್ನೆರಡು ಸಾಲು. ಮಳೆ, ಮಂಜು, ರಜೆ, ಟ್ರಾಫಿಕ್, ಹಸಿರು, ಹೋಮ್‌ಸ್ಟೇ ರೇಟು ಅಂತ ಆರು ಕಾಲಂ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಬಿಟಿಎಂ ಲೇಔಟಿನ ಆಫೀಸಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು ನಾನು. ಮನೆಗೆ ಬಂದರೂ ಅದೇ ಬುದ್ಧಿ. ಎಲ್ಲಾ ಕೂಡಿಸಿದರೆ ಯಾವ ತಿಂಗಳೂ ಅರವತ್ತಕ್ಕೆ ನಲವತ್ತು ದಾಟುತ್ತಿರಲಿಲ್ಲ. ದಾಟದೇ ಹೊರಡೋದು ಹೇಗೆ? ಹಾಗಾಗಿ ಮೂರು ವರ್ಷ ಹೊರಡಲೇ ಇಲ್ಲ.

ಅಪ್ಪ ಕೇಳಿದ್ದು ದೊಡ್ಡದೇನಲ್ಲ. ನಾನು ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಬನಶಂಕರಿ ಮೂರನೇ ಹಂತದ ನಮ್ಮ ಮನೆ ಮುಂದೆ ನಿಲ್ಲಿಸಿದ ದಿನ, ಟೈರಿಗೆಲ್ಲ ಒಂದೊಂದು ಸಲ ಒದ್ದು ನೋಡಿ, “ಒಂದ್ಸಲ ಚಾರ್ಮಾಡಿ ನೋಡ್ಕೊಂಡು ಬರೋಣ ಪುಟ್ಟಿ” ಅಂದರು.

ನನಗೆ ನಗು ಬಂತು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆಂಗಳೂರು–ಧರ್ಮಸ್ಥಳ ರಾತ್ರಿ ಸರ್ವೀಸಿನಲ್ಲೇ ಹತ್ತೊಂಬತ್ತು ವರ್ಷ ಕಳೆದವರು. “ನೀವು ಅಷ್ಟು ವರ್ಷ ಓಡ್ಸಿದ್ದೀರಲ್ಲಪ್ಪ, ಮತ್ತೇನು ನೋಡೋದು?” ಅಂದೆ.

“ಓಡ್ಸಿದ್ದೀನಿ. ನೋಡಿಲ್ಲ” ಅಂದರು.

ಆಮೇಲೆ ಬಿಡಿಸಿ ಹೇಳಿದರು. ರಾತ್ರಿ ಬಸ್ಸು ಬೆಂಗಳೂರು ಬಿಟ್ಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಸೇರುವಾಗ ಇನ್ನೂ ಕತ್ತಲು. ಘಾಟಿ ಇಳಿಯುವುದೂ ಕತ್ತಲಲ್ಲೇ. ಧರ್ಮಸ್ಥಳದಲ್ಲಿ ಹಗಲಿಡೀ ನಿದ್ದೆ. ವಾಪಸ್ ಬರುವುದೂ ರಾತ್ರಿ. ಹೆಡ್‌ಲೈಟ್ ಎಷ್ಟು ಬೀಳುತ್ತೋ ಅಷ್ಟೇ ಚಾರ್ಮಾಡಿ ಅವರಿಗೆ ಗೊತ್ತು. ಹಿಂದೆ ಕೂತ ಯಾತ್ರಿಕರು ಬೇರೆ ಯಾವಾಗಲೋ ಹಗಲಲ್ಲಿ ಬಂದು, “ಡ್ರೈವರ್ ಸಾರ್, ಎಂಥಾ ಕಾಡು, ಎಂಥಾ ಕಣಿವೆ!” ಅಂತ ಹೇಳುತ್ತಿದ್ದರಂತೆ. ಇವರು ಹೂಂಗುಟ್ಟಿ ಸುಮ್ಮನಾಗುತ್ತಿದ್ದರಂತೆ.

ಸರಿ, ಕರ್ಕೊಂಡು ಹೋಗೋಣ ಅಂತ ಸ್ಪ್ರೆಡ್‌ಶೀಟ್ ತೆರೆದೆ. ನಿಮ್ಮಲ್ಲೂ ಅನೇಕರು ಇದನ್ನೇ ಮಾಡ್ತೀರಿ ಅಂತ ಗೊತ್ತು. ಜುಲೈನಲ್ಲಿ ಗುಡ್ಡ ಜರಿಯುವ ಭಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಭೂಕುಸಿತವಾಗಿ ರಸ್ತೆಯೇ ಬಂದ್ ಆಗಿತ್ತು. ಅಕ್ಟೋಬರ್‌ನಲ್ಲಿ ದಸರಾ ರಜೆ. ಡಿಸೆಂಬರ್‌ನಲ್ಲಿ ವರ್ಷಾಂತ್ಯದ ಜನ. ಏಪ್ರಿಲ್‌ನಲ್ಲಿ ಬಿಸಿಲು. ಪ್ರತಿ ಸಲವೂ ‘ಮುಂದಿನ ಸೀಸನ್ ನೋಡೋಣಪ್ಪ’ ಅನ್ನುವುದು, ಅವರು ‘ಆಗ್ಲಿ ಬಿಡು’ ಅನ್ನುವುದು.

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪನ ಕನ್ನಡಕ ಬದಲಿಸೋಣ ಅಂತ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದಕ್ಕೂ ಮುಂಚೆ ಒಂದಷ್ಟು ದಿನದಿಂದ ಊಟದ ಹೊತ್ತಿಗೆ ಎಡಗಡೆಯ ನೀರಿನ ಲೋಟ ಕೈ ತಗುಲಿ ಬೀಳುತ್ತಿತ್ತು. ಕತ್ರಿಗುಪ್ಪೆಯ ಫುಟ್‌ಪಾತ್ ಮೇಲೆ ನಿಲ್ಲಿಸಿದ ಸ್ಕೂಟರುಗಳಿಗೆ ಮೊಣಕಾಲು ತಾಗುತ್ತಿತ್ತು. “ಗಮನ ಎಲ್ಲಿರುತ್ತೆ ರೀ ನಿಮ್ದು?” ಅಂತ ಅಮ್ಮ ಗದರುತ್ತಿದ್ದಳು. ನಾವೆಲ್ಲ ವಯಸ್ಸು ಅಂದುಕೊಂಡಿದ್ದೆವು. ಪೊರೆ ಬಂದಿರಬಹುದು, ತೆಗೆಸಿದರಾಯ್ತು ಅಂತ ನನ್ನ ಲೆಕ್ಕ.

ಅಲ್ಲಿ ಅಪ್ಪನನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು. ನೇರ ನೋಡುತ್ತಿರಬೇಕು. ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಹೊರಗೆ ಕೂತ ನನಗೆ ಗುಂಡಿಯ ಸದ್ದು ಕೇಳುತ್ತಿತ್ತು. ತುಂಬಾ ಹೊತ್ತು ಕೇಳಿಸದೇ ಇರುತ್ತಿತ್ತು. ಆಮೇಲೆ ಕೊಟ್ಟ ಪ್ರಿಂಟ್‌ನಲ್ಲಿ ಅಂಚಿನ ಸುತ್ತ ಕಪ್ಪು. ನಡುವೆ ಮಾತ್ರ ಬೆಳ್ಳಗಿನ ಜಾಗ. ಗ್ಲಾಕೋಮಾ.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಕಣ್ಣಿನೊಳಗಿನ ಒತ್ತಡದಿಂದ ನರಕ್ಕೆ ಪೆಟ್ಟಾಗುತ್ತೆ. ನೋವಿಲ್ಲ, ಕೆಂಪಾಗಲ್ಲ. ಹೆಚ್ಚಿನವರಿಗೆ ಪಕ್ಕದ ನೋಟ ಮೊದಲು ಹೋಗುವುದರಿಂದ ಗೊತ್ತೂ ಆಗಲ್ಲ. ಪೊರೆಯಾದರೆ ತೆಗೆಯಬಹುದು. ಇದರಲ್ಲಿ ಹೋದ ನೋಟ ವಾಪಸ್ ಬರಲ್ಲ. ಉಳಿದಿರುವುದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು.

ಆಟೋದಲ್ಲಿ ಬರುವಾಗ ಅಪ್ಪ ಒಂದೇ ಮಾತು ಹೇಳಿದ್ದು. “ಈಗ ಹಗಲಲ್ಲೂ ಹೆಡ್‌ಲೈಟಲ್ಲಿ ನೋಡ್ದಂಗೇ ಕಾಣುತ್ತೆ ಪುಟ್ಟಿ.”

ಅವತ್ತು ರಾತ್ರಿ ಸ್ಪ್ರೆಡ್‌ಶೀಟ್ ತೆರೆದು ನೋಡಿದೆ. ಮೂರು ವರ್ಷದ ಮೂವತ್ತಾರು ತಿಂಗಳಿಗೂ ಒಂದೊಂದು ಕಾರಣ ಬರೆದಿಟ್ಟಿದ್ದೆ. ಹೋಮ್‌ಸ್ಟೇ ರೇಟು ಹೆಚ್ಚು ಅಂತ ಕೂಡ ಒಂದು ಕಡೆ ಇತ್ತು.

ಹಾಗಂತ ಮಾರನೇ ದಿನವೇ ಹೊರಡಲಿಲ್ಲ. ಮೊದಲು ಒಂದು ಟ್ರಯಲ್ ಅಂತ ಆಗಸ್ಟ್‌ನ ಒಂದು ಭಾನುವಾರ ಕನಕಪುರ ರಸ್ತೆ ಹಿಡಿದೆವು. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಅಲ್ಲಿಂದ ಶಿವನಸಮುದ್ರ. ನಮ್ಮ ಮನೆಯಿಂದ ಸುಮಾರು 120 ಕಿಲೋಮೀಟರ್. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟಾಗಲೇ ಗಗನಚುಕ್ಕಿ ಚೆಂದ, ಆದ್ದರಿಂದ ಆಗಸ್ಟ್ ಸರಿಯಾದ ಕಾಲ ಅಂತ ನನ್ನ ಹಾಳೆಯೂ ಹೇಳುತ್ತಿತ್ತು. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು ಅಂತ ನಾನು ದಾರಿಯುದ್ದಕ್ಕೂ ಗೈಡ್ ಥರ ಹೇಳಿಕೊಂಡು ಹೋದೆ.

ಕಾಲ ಸರಿಯಿತ್ತು, ವಾರ ತಪ್ಪಿತ್ತು. ನೀರು ನೋಡಲು ಊರಿಗೆ ಊರೇ ಬಂದಿತ್ತು. ಪಾರ್ಕಿಂಗ್‌ನಿಂದ ನಡೆದು ಹೋಗುವಾಗ ಸೆಲ್ಫಿ ಕಡ್ಡಿ ಹಿಡಿದು ಓಡಿಬಂದ ಹುಡುಗರ ಗುಂಪೊಂದು ಅಪ್ಪನ ಎಡಭುಜಕ್ಕೆ ಢಿಕ್ಕಿ ಹೊಡೆಯಿತು. ಅವರು ಬರುವುದು ಅಪ್ಪನಿಗೆ ಕಂಡೇ ಇರಲಿಲ್ಲ. ಬೀಳಲಿಲ್ಲ, ಕಂಬಿ ಹಿಡಿದುಕೊಂಡರು. ಆ ಕಂಬಿಯನ್ನು ಆಮೇಲೆ ಬಿಡಲೂ ಇಲ್ಲ. ಜಲಪಾತದ ಕಡೆಗಿಂತ ಹೆಚ್ಚಾಗಿ ತಮ್ಮ ಎಡಕ್ಕೂ ಬಲಕ್ಕೂ ನೋಡುತ್ತಾ ನಿಂತಿದ್ದರು. ಐದೇ ನಿಮಿಷಕ್ಕೆ, “ಹೋಗೋಣ್ವಾ?” ಅಂದರು.

ನಾವು ಪ್ರವಾಸದ ಬಗ್ಗೆ ಮಾತಾಡುವಾಗ ‘ಜನ ಕಮ್ಮಿ ಇರೋ ಜಾಗ’ ಅನ್ನುವುದು ಒಂಥರಾ ಶೋಕಿಯ ಮಾತು. ಅಪ್ಪನಿಗೆ ಅದು ಹಾಗಲ್ಲ ಅಂತ ಅವತ್ತು ಅರ್ಥವಾಯಿತು. ಜನ ಇಲ್ಲದಿದ್ದರೆ ಮಾತ್ರ ಅವರು ತಲೆ ಎತ್ತಿ ನೋಡಬಲ್ಲರು.

ಮನೆಗೆ ಬಂದ ಮೇಲೆ ಸ್ಪ್ರೆಡ್‌ಶೀಟನ್ನು ಅಪ್ಪನಿಗೇ ಓದಿ ಹೇಳಿದೆ. ಇಷ್ಟು ದಿನ ಅವರನ್ನು ಕೇಳಿಯೇ ಇರಲಿಲ್ಲ! ಹತ್ತೊಂಬತ್ತು ವರ್ಷ ಅದೇ ರಸ್ತೆಯಲ್ಲಿ ಓಡಾಡಿದವರು ಮನೆಯಲ್ಲೇ ಇರುವಾಗ ನಾನು ರೀಲ್ಸ್ ನೋಡಿ ಅಂಕ ಹಾಕುತ್ತಿದ್ದೆ. ಅಪ್ಪ ಒಂದೊಂದೇ ಸಾಲು ತಿದ್ದುತ್ತಾ ಹೋದರು.

“ಡಿಸೆಂಬರ್, ಜನವರೀಲಿ ರೋಡ್ ಮೇಲೇ ಹುರುಳಿ, ರಾಗಿ ಹರಡಿರ್ತಾರೆ. ಗಾಡಿ ಚಕ್ರಕ್ಕೆ ಸಿಕ್ಕಿ ಒಕ್ಕಣೆ ಆಗ್ಲಿ ಅಂತ. ಚೆಂದ ಕಾಣುತ್ತೆ, ಬ್ರೇಕ್ ಹಿಡಿಯಲ್ಲ. ಬೆಳಗಿನ ಮಂಜು ಬೇರೆ.”

“ಶಿವರಾತ್ರಿ ಮುಂಚೆ ಬೇಡ. ಧರ್ಮಸ್ಥಳಕ್ಕೆ ಪಾದಯಾತ್ರೆಯವ್ರು ಸಾಲುಸಾಲಾಗಿ ನಡೀತಿರ್ತಾರೆ. ಹಾರ್ನ್ ಹೊಡ್ಯೋಕೂ ಮನಸ್ಸು ಬರಲ್ಲ.”

“ಏಪ್ರಿಲ್, ಮೇ ಮಕ್ಕಳ ರಜೆ. ಬಿಸಿಲಿನ ಧಗೆಗೆ ದೂರದ ಬೆಟ್ಟ ಎಲ್ಲಾ ಬೂದಿ ಬಣ್ಣ.”

“ಆರಿದ್ರಾದಿಂದ ಮಖೆ ತನಕ ಘಾಟಿ ಸಹವಾಸ ಬೇಡ. ಡ್ಯೂಟಿ ಇತ್ತು ಅಂತ ಹೋಗ್ತಿದ್ದೆ, ಖುಷಿಗಲ್ಲ.”

“ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೀತಾರೆ. ವರ್ಷಕ್ಕೊಂದೇ ಸಲ ಅಲ್ವಾ, ಹಾಸನದ ರಸ್ತೆ ತುಂಬಾ ಗಾಡಿ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ. ಅಷ್ಟೊತ್ತಿಗೆ ಅಯ್ಯಪ್ಪ ಮಾಲೆಯವ್ರೂ ಹೊರಟಿರ್ತಾರೆ.”

ನಾನು ಸುಸ್ತಾದೆ. “ಹಾಗಾದ್ರೆ ಹೋಗೋದೇ ಬೇಡ್ವಾ?”

“ಯಾಕೆ ಬೇಡ? ಪಕ್ಷ ಇದೆಯಲ್ಲ.”

ಗಣೇಶನನ್ನು ಬಿಟ್ಟ ಮೇಲೆ, ನವರಾತ್ರಿಗೆ ಮುಂಚೆ ಬರುವ ಪಿತೃಪಕ್ಷ. ಹದಿನೈದು ದಿನ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಗಾಡಿ ಪೂಜೆ ಇಲ್ಲ. ಆ ದಿನಗಳಲ್ಲಿ ಬಸ್ಸಲ್ಲಿ ಸೀಟು ಖಾಲಿ ಇರುತ್ತಿದ್ದವಂತೆ, ಕಂಡಕ್ಟರ್ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರುತ್ತಿದ್ದನಂತೆ. ಮಳೆಯಲ್ಲೂ ಅದು ಉತ್ತರೆಯ ಹೊತ್ತು. ಮುಂಗಾರಿನ ಅಬ್ಬರ ಸಾಮಾನ್ಯವಾಗಿ ಇಳಿದಿರುತ್ತೆ. ಝರಿಗಳಲ್ಲಿ ನೀರು ಇನ್ನೂ ಇರುತ್ತೆ. ಗಾಳಿಯ ಧೂಳೆಲ್ಲ ತೊಳೆದು ಹೋಗಿರುತ್ತೆ. ಬಯಲಿನಲ್ಲಿ ರಾಗಿ, ಮಲೆನಾಡಿನಲ್ಲಿ ಭತ್ತ, ಎರಡೂ ಹಸಿರಾಗಿರುತ್ತೆ.

ನನಗೆ ಇನ್ನೊಂದು ವಿಷಯ ಹೊಳೆಯಿತು. ಅಪ್ಪನ ಕಣ್ಣಿಗೆ ನೆತ್ತಿ ಬಿಸಿಲಿನ ಝಳ ಆಗಲ್ಲ, ಕತ್ತಲು ಕವಿದ ಮೋಡದಲ್ಲಿ ಯಾವುದು ರಸ್ತೆ, ಯಾವುದು ಚರಂಡಿ ಅಂತ ತಿಳಿಯಲ್ಲ. ತೆಳು ಮೋಡದ ಮೆತ್ತನೆ ಬೆಳಕು ಬೇಕು. ಅಂಥ ಬೆಳಕು ಸಿಗುವುದೂ ಹೆಚ್ಚಾಗಿ ಇದೇ ದಿನಗಳಲ್ಲಿ. ಸ್ಪ್ರೆಡ್‌ಶೀಟ್‌ಗೆ ಏಳನೇ ಕಾಲಂ ಸೇರಿಸಿದೆ: ‘ಅಪ್ಪನ ಕಣ್ಣಿಗೆ ಬೆಳಕು’. ಸೆಪ್ಟೆಂಬರ್‌ಗೆ ಹತ್ತಕ್ಕೆ ಒಂಬತ್ತು ಹಾಕಿದೆ.

ಅಮ್ಮನದು ದೊಡ್ಡ ತಕರಾರು. “ಪಕ್ಷದಲ್ಲಿ ಯಾರಾದ್ರೂ ಟೂರ್ ಹೊರಡ್ತಾರಾ? ಅದೂ ಮಂಗಳವಾರ!”

“ಎಲ್ರೂ ನಿನ್ನಂಗೇ ಅಂದ್ಕೊಳ್ತಾರೆ. ಅದಕ್ಕೇ ರೋಡ್ ಖಾಲಿ ಇರೋದು” ಅಂದರು ಅಪ್ಪ. ಕೊನೆಗೆ ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆಯಲ್ಲಿರಬೇಕು, ಎಡೆ ಇಡಬೇಕು, ರಾತ್ರಿ ಒಂಬತ್ತಕ್ಕೆ ಡ್ರಾಪ್ಸ್ ತಪ್ಪಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿದಳು. ತಾನೂ ಹೊರಟಳು. ಪುಳಿಯೋಗರೆ, ಮೊಸರನ್ನ, ಚಕ್ಕುಲಿ, ಫ್ಲಾಸ್ಕಿನಲ್ಲಿ ಕಾಫಿ.

ಹೊರಡುವ ಸಮಯವನ್ನೂ ಅಪ್ಪನೇ ಹೇಳಿದ್ದು. “ಪಡುವಣಕ್ಕೆ ಹೋಗೋದು ಬೆಳಿಗ್ಗೆ, ಮೂಡಣಕ್ಕೆ ಬರೋದು ಮಧ್ಯಾಹ್ನದ ಮೇಲೆ. ಎರಡು ಸಲವೂ ಸೂರ್ಯ ಬೆನ್ನಿಗೆ ಬೀಳ್ತಾನೆ.” ಗೂಗಲ್ ಮ್ಯಾಪ್ ನನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ನೈಸ್ ರಸ್ತೆ ಹಿಡಿದು ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿದೆವು. ಬೆಳಕು ಹರಿದಾಗ ಎರಡೂ ಕಡೆ ರಾಗಿ ಹೊಲ, ತೆಂಗಿನ ತೋಟ. ಎದುರಿನ ಬೆಟ್ಟಗಳ ಮೇಲೆ ನಮ್ಮ ಬೆನ್ನ ಹಿಂದಿನ ಸೂರ್ಯನ ಬೆಳಕು. ಅಪ್ಪ ಎಡಗಡೆ ಸೀಟಲ್ಲಿ ಕೂತು ಮೊದಮೊದಲು ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಹಾಸನ ದಾಟಿದ ಮೇಲೆ ಕಾಲು ಸಡಿಲ ಬಿಟ್ಟರು.

ಹನ್ನೊಂದರ ಹೊತ್ತಿಗೆ ಕೊಟ್ಟಿಗೆಹಾರ. ಅಲ್ಲಿನ ಹೋಟೆಲಲ್ಲಿ ನೀರ್‌ದೋಸೆ ತಿಂದು ಘಾಟಿಗಿಳಿದೆವು. ಎರಡೇ ತಿರುವು ದಾಟಿದ್ದೆವು, ಮಂಜು ಬಂತು ನೋಡಿ. ಸೆಪ್ಟೆಂಬರಿಗೆ ಮಂಜಿನ ಕಾಲಂನಲ್ಲಿ ನಾನು ಎಂಟು ಅಂಕ ಕೊಟ್ಟಿದ್ದೆ. ಬಾನೆಟ್ಟಿನ ಆಚೆ ಏನೂ ಇಲ್ಲ, ಬರೀ ಬಿಳಿ. ಹಜಾರ್ಡ್ ಲೈಟ್ ಹಾಕಿಕೊಂಡು ಸ್ಟೇರಿಂಗನ್ನು ಹಿಡಿದೆನೋ ಅಪ್ಪಿಕೊಂಡೆನೋ ಗೊತ್ತಿಲ್ಲ. ಮೂರು ವರ್ಷ ಕಾಯಿಸಿ, ಕೊನೆಗೆ ಕರೆತಂದು ತೋರಿಸಿದ್ದು ಇದನ್ನೇ ಅಂತ ಅಳು ಬರುವಂತಾಯಿತು.

“ಸೆಕೆಂಡ್ ಗೇರ್” ಅಂದರು ಅಪ್ಪ. ಹಾಕಿದೆ.

“ಈಗ ಬಲಕ್ಕೆ ಒಂದು ಮೋರಿ ಬರುತ್ತೆ. ಅದಾದ ಮೇಲೆ ಎಡಕ್ಕೆ ಹಿಮ್ಮುರಿ ತಿರುವು. ಹಾರ್ನ್ ಮಾಡು. ಮೇಲೆ ಬರೋ ಗಾಡಿಗೆ ಜಾಗ ಬಿಡು.”

ಮೋರಿ ಬಂತು. ತಿರುವೂ ಬಂತು. ತಿರುಗಿ ನೋಡಿದರೆ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು! “ಕಣ್ಣು ಬಿಟ್ರೆ ಗಾಬರಿ ಆಗುತ್ತೆ. ಮುಚ್ಕೊಂಡ್ರೆ ರೋಡ್ ನೆನಪಾಗುತ್ತೆ” ಅಂದರು. ಹಿಂದಿನ ಸೀಟಿನಲ್ಲಿ ಅಮ್ಮ ಅಣ್ಣಪ್ಪಸ್ವಾಮಿಗೆ ಹರಕೆ ಹೊರುತ್ತಿದ್ದಳು. ಗುಡಿ ಸಿಕ್ಕಿದಾಗ ನಿಲ್ಲಿಸಿದೆವು. ಅಪ್ಪ ಹಳೇ ಅಭ್ಯಾಸದಂತೆ ಕಾಣಿಕೆ ಹಾಕಿ ಕೈಮುಗಿದರು. ಅಲ್ಲೇ ಸ್ವಲ್ಪ ಹೊತ್ತು ನಿಂತೆವು. ಮಂಜು ಕದಲಲಿಲ್ಲ. ನಿಧಾನಕ್ಕೆ ವಾಪಸ್ ಹತ್ತಿ, ಬಣಕಲ್ ಹತ್ತಿರ ಒಂದು ಹೋಮ್‌ಸ್ಟೇ ಹಿಡಿದೆವು. ಪಕ್ಷವಾದ್ದರಿಂದ ನಾವು ಮೂವರೇ ಗಿರಾಕಿಗಳು. ರೇಟು ಅರ್ಧಕ್ಕೆ ಇಳಿದಿತ್ತು. ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನಿನ ಅಲಾರಾಂ ಹೊಡೆಯಿತು. ಅಪ್ಪ ತಲೆ ಹಿಂದಕ್ಕೆ ಹಾಕಿ ಕೂತರು. ನಾನು ಡ್ರಾಪ್ಸ್ ಹಾಕಿದೆ.

ಮಾರನೇ ಬೆಳಿಗ್ಗೆ ಏಳೂವರೆಗೆ ಮತ್ತೆ ಹೋದೆವು. ಬುಧವಾರ. ರಸ್ತೆಯಲ್ಲಿ ನಮ್ಮ ಕಾರು, ಒಂದು ಹಾಲಿನ ವ್ಯಾನು. ಮಂಜು ಕಣಿವೆಯ ತಳಕ್ಕೆ ಇಳಿದು ಕೂತಿತ್ತು. ರಸ್ತೆ ಅಗಲವಿದ್ದ ಕಡೆ ತಡೆಗೋಡೆಯ ಈಚೆ ಕಾರು ನಿಲ್ಲಿಸಿ ಅಪ್ಪನನ್ನು ಇಳಿಸಿದೆ.

ಮೊದಲು ಅವರು ನೇರ ನೋಡಿದರು. ಆಮೇಲೆ ಡಾಕ್ಟರು ಹೇಳಿಕೊಟ್ಟಂತೆ ಕಣ್ಣಲ್ಲ, ಇಡೀ ತಲೆಯನ್ನೇ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿದರು. ಟಾರ್ಚ್ ಹಾಕಿ ಹುಡುಕುವ ಹಾಗೆ. ಮತ್ತೆ ಬಲದಿಂದ ಎಡಕ್ಕೆ. ಎದುರಿನ ಗುಡ್ಡದ ತುಂಬಾ ಕಾಡು, ಅದರ ನಡುವೆ ಬಿಳಿ ನೂಲಿನಂಥ ಎರಡು ಝರಿ. ಒಂದು ಝರಿ ಅವರಿಗೆ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ನಾನು ಅವರ ಗಲ್ಲ ಹಿಡಿದು ಸ್ವಲ್ಪ ತಿರುಗಿಸಿದೆ. “ಹಾಂ, ಸಿಕ್ತು” ಅಂದರು. ಸದ್ದು ಬರುತ್ತಿದ್ದದ್ದು ಎಲ್ಲಿಂದ ಅಂತ ಈಗ ಗೊತ್ತಾಯಿತು, ಆ ತಿರುವಲ್ಲಿ ಇಂಜಿನ್ ಸದ್ದಿನ ನಡುವೆಯೂ ನೀರಿನ ಸದ್ದು ಕೇಳುತ್ತಿತ್ತು ಅಂದರು.

ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಯಾರೂ ಅಪ್ಪನಿಗೆ ಢಿಕ್ಕಿ ಹೊಡೆಯಲಿಲ್ಲ. ಆಮೇಲೆ ಅವರು ತಡೆಗೋಡೆಯಿಂದ ಕೆಳಕ್ಕೆ ಬಗ್ಗಿ ನೋಡಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇಷ್ಟು ಆಳನಾ?” ಅಂದರು. “ಗೊತ್ತಿದ್ದಿದ್ರೆ ಅಷ್ಟು ಧೈರ್ಯವಾಗಿ ಓಡಿಸ್ತಿರ್ಲಿಲ್ಲ ಕಣೇ.” ಅಮ್ಮನಿಗೆ ಅದೇಕೋ ಕೋಪ ಬಂತು. ಹತ್ತೊಂಬತ್ತು ವರ್ಷ ರಾತ್ರಿ ಬಾಗಿಲ ಕಡೆ ಕಿವಿಯಿಟ್ಟು ಮಲಗಿದವಳು ಅವಳು. “ಸಾಕು ಬನ್ನಿ ರೀ ಈಚೆ” ಅಂತ ಅಂಗಿ ಹಿಡಿದು ಎಳೆದಳು.

ಬೆಂಗಳೂರಿನ ಓದುಗರು ಈಗ ಕೇಳುತ್ತೀರಿ, ಹಾಗಾದ್ರೆ ಬೆಸ್ಟ್ ಸೀಸನ್ ಯಾವುದು? ನಮ್ಮ ಅನುಭವದಲ್ಲಿ, ಹಸಿರೂ ಬೇಕು, ಜನವೂ ಬೇಡ ಅನ್ನುವವರಿಗೆ ಗಣೇಶ ಚತುರ್ಥಿ ಮತ್ತು ನವರಾತ್ರಿಯ ನಡುವಿನ ವಾರದ ದಿನಗಳು. ಎರಡು ದಿನ ರಜೆ ಹಾಕಿ, ಶನಿವಾರ, ಭಾನುವಾರ ಮನೆಯಲ್ಲಿ ನಿದ್ದೆ ಮಾಡಿ. ಘಾಟಿ ತೆರೆದಿದೆಯಾ ಅಂತ ಹೊರಡುವ ಮುಂಚೆ ವಿಚಾರಿಸಿ. ಒಂದು ರಾತ್ರಿ ಹತ್ತಿರದಲ್ಲೇ ಉಳಿಯಿರಿ, ಮೊದಲ ದಿನ ಮಂಜು ಕೈಕೊಟ್ಟರೆ ಎರಡನೇ ಬೆಳಿಗ್ಗೆ ಇರುತ್ತೆ. ಅಷ್ಟೂ ಮಾಡಿದ ಮೇಲೂ ಮಂಜು ಬರಬಹುದು. ಬಂದರೂ ಹೋಗಿ. ನಿಮ್ಮ ಮನೆಯ ಹಿರಿಯರು ‘ಒಂದ್ಸಲ ನೋಡ್ಬೇಕು’ ಅಂದಿದ್ದರೆ, ಅದನ್ನು ನನ್ನ ಥರ ಮೂವತ್ತಾರು ಸಾಲು ಬರೆದು ಮುಂದೂಡಬೇಡಿ.

ಇನ್ನೊಂದು ಮಾತು. ಗ್ಲಾಕೋಮಾ ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೂ, ಒಡಹುಟ್ಟಿದವರಿಗೂ ಬರುವ ಸಾಧ್ಯತೆ ಹೆಚ್ಚು. ಈ ಜನವರಿಯಲ್ಲಿ ನಾನೂ ಆ ಬೋಗುಣಿಯ ಮುಂದೆ ಕೂತು ಗುಂಡಿ ಒತ್ತಿ ಬಂದೆ. ಸದ್ಯಕ್ಕೆ ಏನಿಲ್ಲ, ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ನಲವತ್ತು ದಾಟಿದವರು ಕನ್ನಡಕದ ನಂಬರ್ ನೋಡಿಸುವಾಗ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿ ಅಂತ ಕೇಳಿ. ನಾವು ಕೇಳಿದ್ದು ತಡವಾಯಿತು.

ಅಪ್ಪನ ಮುಂದಿನ ಬೇಡಿಕೆ ಬಂದಾಗಿದೆ. ಮಾರ್ಚಲ್ಲಿ ಪರೀಕ್ಷೆ ಕಾಲ, ಮಕ್ಕಳಿರುವ ಮನೆಯವರು ಯಾರೂ ಹೊರಡಲ್ಲ, ಮೂಡಿಗೆರೆ ಕಡೆ ಹೂಮಳೆ ಬಿದ್ದ ಮೇಲೆ ಹೋಗೋಣ ಅಂತ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳುತ್ತೆ, ಕೆಲವೇ ದಿನ ಇರುತ್ತೆ. ರಾತ್ರಿ ಬಸ್ಸಿನ ಕಿಟಕಿಯಿಂದ ಆ ವಾಸನೆ ನುಗ್ಗಿದರೆ ನಿದ್ದೆಯಲ್ಲಿದ್ದ ಪ್ಯಾಸೆಂಜರ್‌ಗಳೂ ಏಳುತ್ತಿದ್ದರಂತೆ. “ಅದಕ್ಕೆ ಕಣ್ಣು ಅಷ್ಟೇನೂ ಬೇಡ” ಅಂದರು.

ಮೊನ್ನೆ ಮ್ಯಾನೇಜರ್‌ಗೆ ಎರಡು ದಿನ ರಜೆ ಬೇಕು ಅಂದೆ. ಯಾವ ತಾರೀಖು ಅಂತ ಕೇಳಿದರು.

“ಮೂಡಿಗೆರೆಯಲ್ಲಿ ಮಳೆ ಬಿದ್ದ ಎಂಟನೇ ದಿನ” ಅಂದೆ.